ಎರಿ ನೆಲದಾಗ ಗಾಜಿನ ಮನಿ
ದೇವನಹಳ್ಳಿ ಕಡೆಯ ವಿಲ್ಲಾಗಳ ಫೋಟೊ ನಾನೂ ಬಾಯಿ ಬಿಟ್ಟು ನೋಡುತ್ತೇನೆ. ನನ್ನ ತಕರಾರಿರೋದು, ಅದೇ ಮನಿ ರೋಣದಾಗ ಎಷ್ಟಕ್ಕಾಗ್ತದ ಅಂತ ಲೆಕ್ಕ ಹಾಕೋ ನಮ್ಮ ಕಡೆಯ ಗೆಳೆಯರ ಮ್ಯಾಲೆ. ಚದರಡಿಗೆ 2,500 ಹಿಡಿದರೆ 3,000 ಚದರಡಿಗೆ 75 ಲಕ್ಷ. ‘ಅಗ್ಗ ಆತಲೇ!’ ಅಂತಾರ. ನರಗುಂದದ ಎರಿಮಣ್ಣು ಮಳೆಗೆ ಉಬ್ಬಿ ಬ್ಯಾಸಗಿಗೆ ಬಿರಿಯುವುದು ಆ ಎಕ್ಸೆಲ್‌ನಲ್ಲಿ ಎಲ್ಲಿದೆ? ಬುನಾದಿಯನ್ನು ಗಟ್ಟಿ ನೆಲ ಸಿಗೋತನಕ ಇಳಿಸದಿದ್ರ ಇಟಾಲಿಯನ್ ಮಾರ್ಬಲ್ಲೂ ಸೀಳ್ತದ. ಪಡುವಣಕ್ಕೆ ಗಾಜಿನ ಗ್ವಾಡಿ ಇಟ್ಟು, ಆಮೇಲೆ ಏಸಿ ಹಾಕಿಸೋದು ಇನ್ನೊಂದು ಶಾಣ್ಯಾತನ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ ಆ ಕೆಲಸವನ್ನ ಕರೆಂಟಿಲ್ಲದೇ ಮಾಡುತ್ತಿದ್ದವು. (ಸೋರುತ್ತಿತ್ತು, ಹೌದು.) ಅದನ್ನು ಕೆಡವಿ ಕಟ್ಟೋ ಡ್ಯೂಪ್ಲೆಕ್ಸ್‌ನಲ್ಲಿ ಇರೋರು ಯಾರು? ಮೆಟ್ಟಿಲು ಹತ್ತಲಾಗದ ಅಪ್ಪ, ಅವ್ವ. ನೀವು ಬರೋದು ಜಾತ್ರಿಗೆ, ಎರಡು ದಿನ. ಹಳೇ ಮಾಳಿಗಿ ರಿಪೇರಿ ಮಾಡಿಸಿ, ಅವರು ಮಲಗೋ ಖೋಲಿಗೆ ಹತ್ತಿ ಒಂದು ಪಾಯಖಾನಿ ಕಟ್ಟಿಸಾಕ ಎಷ್ಟಾಗ್ತದ? ಆ ಲೆಕ್ಕ ಮೊದಲು ಹೇಳ್ರಿ.