ನಡಿಗೆಗೊಂದು ನೆಪ ಬೇಕು

ನನ್ನ ಉಮ್ಮನಿಗೆ ಸಕ್ಕರೆ ಕಾಯಿಲೆ. ವೈದ್ಯರು ಪ್ರತಿ ಸಲವೂ ಹೇಳುವ ಮಾತು ಒಂದೇ: ‘ದಿನಾ ಅರ್ಧ ಗಂಟೆ ನಡೆಯಿರಿ.’ ಉಮ್ಮ ತಲೆಯಾಡಿಸುತ್ತಾರೆ. ಎರಡು ದಿನ ನಡೆಯುತ್ತಾರೆ. ಮೂರನೆಯ ದಿನ ಮೊಣಕಾಲು ನೋವು, ನಾಲ್ಕನೆಯ ದಿನ ಮನೆಗೆ ನೆಂಟರು. ಅಲ್ಲಿಗೆ ನಡಿಗೆ ನಿಂತುಹೋಗುತ್ತದೆ.

ಅದೇ ಉಮ್ಮ ಕಳೆದ ಎಪ್ರಿಲ್‌ನಲ್ಲಿ ಒಂದು ಸಂಜೆ ನಮ್ಮ ರಸ್ತೆಯ ಕೊನೆಯವರೆಗೂ ಹೋಗಿ ಬಂದರು. ಅಲ್ಲಿನ ಕಕ್ಕೆ ಮರ ಮೈತುಂಬ ಹಳದಿ ಗೊಂಚಲು ಇಳಿಬಿಟ್ಟಿದೆ ಎಂದು ಮೊಮ್ಮಗಳು ಹೇಳಿದ್ದಳು. ಮರುದಿನ ‘ಇನ್ನೆಷ್ಟು ಅರಳಿದೆ ನೋಡೋಣ’ ಎಂದು ತಾವಾಗಿಯೇ ಚಪ್ಪಲಿ ಮೆಟ್ಟಿದರು. ಕಕ್ಕೆ ಉದುರುವಷ್ಟರಲ್ಲಿ ಪಕ್ಕದ ದಾರಿಯಲ್ಲಿ ಹೊಳೆದಾಸವಾಳ ನಸುನೇರಳೆಯಾಗಿ ಅರಳಿತ್ತು. ಮಳೆ ಹಿಡಿಯುವವರೆಗೆ ಯಾರೂ ಅವರಿಗೆ ‘ನಡೆಯಿರಿ’ ಎನ್ನಬೇಕಾಗಲಿಲ್ಲ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ಈ ಲೆಕ್ಕ ನಮಗೆ ಗೊತ್ತಿಲ್ಲದ್ದಲ್ಲ. ಕೊರತೆಯಿರುವುದು ಮನೆಯಿಂದ ಹೊರಡಲು ಮನಸ್ಸಾಗುವಂಥ ಒಂದು ಕಾರಣಕ್ಕೆ. ಮರಗಿಡಗಳ ಬಣ್ಣ ಆ ಕಾರಣವನ್ನು ಪುಕ್ಕಟೆಯಾಗಿ ಕೊಡುತ್ತದೆ.

ಎಲೆ ಕೆಂಪಾಗುವುದು ವಿದೇಶಗಳಲ್ಲಿ ಮಾತ್ರ ಎಂದುಕೊಂಡವರು ಚಳಿಗಾಲದಲ್ಲಿ ನಮ್ಮ ಕರಾವಳಿಯ ಬಾದಾಮಿ ಮರ ನೋಡಬೇಕು. ಎಲೆಯ ಹಸಿರು ಕರಗಿ ಕಡುಗೆಂಪಾಗಿ ಉದುರುತ್ತದೆ. ಮಾವು ಚಿಗುರುವಾಗ ಎಳೆ ಎಲೆಗಳದು ತಾಮ್ರದ ಬಣ್ಣ. ಬೇಸಿಗೆಯಲ್ಲಿ ಗುಲ್‌ಮೊಹರ್‌ನ ಕೆಂಪು, ಮಳೆಗಾಲದಲ್ಲಿ ಕರ್ಣಕುಂಡಲದ ಗುಲಾಬಿ. ಮಳೆ ಇಳಿಮುಖವಾಗುವ ಹೊತ್ತಿಗೆ ಮುರಕಲ್ಲಿನ ಪದವುಗಳಲ್ಲಿ ಹುಲ್ಲಿನ ನಡುವೆ ನೀಲಿ, ಹಳದಿ ಚುಕ್ಕೆಗಳಂಥ ಪುಟ್ಟ ಹೂಗಳು. ವರ್ಷದ ಯಾವ ತಿಂಗಳಲ್ಲೂ ನೋಡಲು ಏನಾದರೂ ಇದ್ದೇ ಇರುತ್ತದೆ.

ಆದರೆ ನಾವು ಮಾಡುತ್ತಿರುವುದೇನು? ಹೊಸ ಮನೆ ಕಟ್ಟಿದೊಡನೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುತ್ತೇವೆ. ಕಸ ಬೀಳುತ್ತದೆಂದು ಇದ್ದ ಮರವನ್ನೂ ಕಡಿಯುತ್ತೇವೆ. ಗಂಡಸರಿಗೆ ಪೇಟೆಯಿದೆ, ಅಂಗಡಿಯಿದೆ. ದಿನವಿಡೀ ಮನೆಯಲ್ಲೇ ಇರುವ ಹೆಂಗಸರು, ವಯಸ್ಸಾದವರು ಬೆಳಿಗ್ಗೆ ಹೊರಗೆ ಬಂದು ನಿಲ್ಲಲು ಇದ್ದ ಒಂದೇ ಜಾಗವನ್ನು ಹೀಗೆ ಬೋಳುಮಾಡುತ್ತೇವೆ. ಮಧ್ಯಾಹ್ನ ಆ ಕಲ್ಲು ಕಾದು ಕಾಲಿಡಲಾಗದು. ಇದು ಸ್ವಚ್ಛತೆಯಲ್ಲ ಎಂಬುದು ನನ್ನ ಅಭಿಪ್ರಾಯ. ವಾಹನ ನಿಲ್ಲುವಷ್ಟು ಜಾಗಕ್ಕೆ ಕಲ್ಲು ಹಾಸಿ, ಉಳಿದದ್ದನ್ನು ಮಣ್ಣಾಗಿಯೇ ಬಿಡಿ. ನಾಲ್ಕು ದಾಸವಾಳ, ಒಂದು ಸಾಲು ಅಬ್ಬಲಿಗೆ, ಬೇಲಿಗೊಂದು ಶಂಖಪುಷ್ಪ ಸಾಕು.

‘ಗಿಡ ಇದ್ದರೆ ಸೊಳ್ಳೆ’ ಎನ್ನುವವರಿದ್ದಾರೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಹೂಕುಂಡದ ಕೆಳಗಿನ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟಯರುಗಳನ್ನು ವಾರಕ್ಕೊಮ್ಮೆಯಾದರೂ ಬರಿದುಮಾಡಿ, ಒರೆಸಿಡಿ. ಕಡಿಯಬೇಕಾದದ್ದು ಗಿಡವನ್ನಲ್ಲ, ಚೆಲ್ಲಬೇಕಾದದ್ದು ನೀರನ್ನು.

ಇನ್ನೆರಡು ಎಚ್ಚರಿಕೆ. ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು, ಮುಳ್ಳು ಚುಚ್ಚಿದರೂ ತಿಳಿಯದು. ಆದ್ದರಿಂದ ಅಂಗಳಕ್ಕಿಳಿಯುವಾಗಲೂ ಚಪ್ಪಲಿ ಇರಲಿ, ರಾತ್ರಿ ಪಾದ ತೊಳೆದು ಒರೆಸಿ, ಗಾಯವಿದೆಯೇ ನೋಡಿಕೊಳ್ಳಿ. ಕಣಗಿಲೆ ನೋಡಲು ಚೆಂದ, ಆದರೆ ಅದರ ಎಲ್ಲ ಭಾಗವೂ ವಿಷ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದು ಬೇಡ.

ಸುಬಹ್ ನಮಾಝ್‌ ಮುಗಿದ ಮೇಲಿನ ತಂಪು ಹೊತ್ತು ಅಥವಾ ಅಸರ್ ನಂತರದ ಇಳಿಬಿಸಿಲು ಇದಕ್ಕೆ ಸರಿಯಾದ ಸಮಯ. ಇಂದು ಮನೆಯ ಹಿರಿಯರಿಗೆ ‘ವಾಕಿಂಗ್ ಹೋಗಿ’ ಎನ್ನಬೇಡಿ. ‘ಬನ್ನಿ, ಆ ಮರ ನೋಡಿ ಬರೋಣ’ ಎಂದು ಕೈ ಹಿಡಿದು ಜೊತೆಗೆ ಹೊರಡಿ.