ತಾಯ್ ಚಿ: ಉಸಿರನ್ನು ಬಲವಂತಪಡಿಸಬೇಡಿ

ಮೊಬೈಲಿನಲ್ಲಿ ವೀಡಿಯೋ ನೋಡಿ ತಾಯ್ ಚಿ ಕಲಿಯಲು ಹೊರಟ ಹಿರಿಯರು ಸಾಮಾನ್ಯವಾಗಿ ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಡಾಕ್ಟ್ರೇ, ಯಾವಾಗ ಉಸಿರು ಎಳೆಯಬೇಕು, ಯಾವಾಗ ಬಿಡಬೇಕು?’ ಪ್ರಶ್ನೆ ಸರಿಯಾದದ್ದೇ. ಆದರೆ ಅದು ಮೊದಲ ದಿನದ ಪ್ರಶ್ನೆಯಲ್ಲ ಎಂಬುದು ನನ್ನ ಅಭಿಪ್ರಾಯ.

ತಾಯ್ ಚಿ ಮೂಲತಃ ಚೀನಾದ ಯುದ್ಧಕಲೆ. ಹೆನಾನ್ ಪ್ರಾಂತದ ಚೆನ್ ಮನೆತನದ ಹಳ್ಳಿ ಇದಕ್ಕೆ ಹೆಸರುವಾಸಿ. ಜನಸಾಮಾನ್ಯರೂ ಕಲಿಯಲೆಂದು 1956ರಲ್ಲಿ ಅಲ್ಲಿನ ಸರಕಾರದ ಕ್ರೀಡಾ ಇಲಾಖೆ 24 ಭಂಗಿಗಳ ಸರಳ ಕ್ರಮವೊಂದನ್ನು ರೂಪಿಸಿತು. ವೀಡಿಯೋಗಳಲ್ಲಿ ನೀವು ಹೆಚ್ಚಾಗಿ ಕಾಣುವುದು ಇದನ್ನೇ.

ಅದರ ಮೊದಲ ಚಲನೆಯನ್ನೇ ನೋಡಿ. ಪಾದಗಳನ್ನು ಭುಜದಷ್ಟು ಅಗಲಿಸಿ ನಿಂತು ಎರಡೂ ಕೈಗಳನ್ನು ಮೆಲ್ಲನೆ ಭುಜದ ಎತ್ತರಕ್ಕೆ ತರುತ್ತಾರೆ. ಆಗ ಉಸಿರು ಒಳಗೆ. ಮಂಡಿ ತುಸು ಬಾಗಿಸುತ್ತಾ ಕೈ ಇಳಿಸುತ್ತಾರೆ. ಆಗ ಉಸಿರು ಹೊರಗೆ. ಕೈ ಏರುವಾಗ ಪಕ್ಕೆಲುಬುಗಳು ಅರಳುತ್ತವೆ, ಎದೆಗೂಡು ತಾನಾಗಿ ಗಾಳಿ ಎಳೆದುಕೊಳ್ಳುತ್ತದೆ. ಅಂಗೈಯಿಂದ ಮುಂದಕ್ಕೆ ತಳ್ಳುವ ಚಲನೆಗಳಲ್ಲೂ ಉಸಿರು ಬಿಡುವುದೇ ಕ್ರಮ. ಶ್ರಮವಾಗುವಲ್ಲಿ ಉಸಿರು ಬಿಟ್ಟರೆ ಅದನ್ನು ಕಟ್ಟಿಹಿಡಿಯುವ ಅಪಾಯವಿಲ್ಲ.

ತೊಂದರೆ ಆರಂಭವಾಗುವುದು ಮುಂದಿನ ಭಂಗಿಗಳಲ್ಲಿ. ಹತ್ತಾರು ವರ್ಷ ಪಳಗಿದ ಗುರು ಒಂದೇ ಉಸಿರಿನಲ್ಲಿ ಹತ್ತು ಸೆಕೆಂಡು ಕೈ ಸಾಗಿಸಬಹುದು. ನಿಮ್ಮ ಉಸಿರು ನಾಲ್ಕು ಸೆಕೆಂಡಿಗೇ ಮುಗಿಯುತ್ತದೆ. ಉಳಿದ ಆರು ಸೆಕೆಂಡು ಏನು ಮಾಡುತ್ತೀರಿ? ಹೆಚ್ಚಿನವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮಂಡಿ ಬಾಗಿಸಿ, ಉಸಿರು ಕಟ್ಟಿ ತಿಣುಕಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಬಿಪಿ ಮಾತ್ರೆ ನುಂಗುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನು ಕೆಲವರು ತದ್ವಿರುದ್ಧ: ಪ್ರತಿ ಚಲನೆಗೂ ಎದೆ ತುಂಬ ಗಾಳಿ ಎಳೆದೆಳೆದು ಬಿಡುತ್ತಾರೆ. ಇದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ. ಆಮೇಲೆ ‘ನಮಗೆ ತಾಯ್ ಚಿ ಆಗಿಬರಲಿಲ್ಲ’ ಎನ್ನುತ್ತಾರೆ.

ಉಸಿರು ಮುಗಿದರೆ ನಡುವೆ ಇನ್ನೊಂದು ಉಸಿರು ತೆಗೆದುಕೊಳ್ಳಿ, ಅಥವಾ ಕೈಯ ದಾರಿಯನ್ನೇ ಗಿಡ್ಡ ಮಾಡಿ. ಯಾರೂ ಅಂಕ ಹಾಕುತ್ತಿಲ್ಲವಲ್ಲ! 24 ಭಂಗಿಗಳಲ್ಲಿ ಎಲ್ಲವೂ ‘ಒಳಗೆ–ಹೊರಗೆ’ ಎಂದು ಸರಿಯಾಗಿ ಎರಡು ಪಾಲಾಗುವುದೂ ಇಲ್ಲ. ಚೀನೀ ಗುರುಗಳು ಉಸಿರನ್ನು ಹೊಕ್ಕುಳ ಕೆಳಗಿನ ‘ದಾನ್ ತಿಯೆನ್’ಗೆ ಇಳಿಯಲು ಬಿಡಿ ಎನ್ನುತ್ತಾರೆ. ಅದರರ್ಥ ಹೊಟ್ಟೆಯನ್ನು ಒತ್ತಿ ಉಬ್ಬಿಸುವುದಲ್ಲ, ಸಡಿಲ ಬಿಡುವುದು.

ಇಬ್ನ್ ಸೀನಾ ‘ಅಲ್ ಕಾನೂನ್’ ಗ್ರಂಥದಲ್ಲಿ ರಿಯಾಝತ್ ಅಂದರೆ ವ್ಯಾಯಾಮವನ್ನು, ಉಸಿರು ಆಳವೂ ವೇಗವೂ ಆಗುವಂತೆ ಮಾಡುವ ಇಚ್ಛಾಪೂರ್ವಕ ಚಲನೆ ಎಂದು ವಿವರಿಸಿದ್ದಾರೆ. ಅವರ ಪ್ರಕಾರವೂ ಮೊದಲು ಬರುವುದು ಚಲನೆ. ಉಸಿರು ಅದರ ಫಲ. ತಾಯ್ ಚಿಯಲ್ಲಿ ಉಸಿರು ವೇಗವಾಗುವುದು ಕಡಿಮೆ, ಆದ್ದರಿಂದ ನಾನು ಇದನ್ನು ವೃದ್ಧರಿಗೂ ದುರ್ಬಲರಿಗೂ ಒಗ್ಗುವ ಮೃದು ವ್ಯಾಯಾಮಗಳ ಸಾಲಿಗೆ ಸೇರಿಸುತ್ತೇನೆ. (ಹಾಗೆಂದು ತಾಯ್ ಚಿಯೂ ನಮ್ಮ ಗ್ರಂಥದಲ್ಲೇ ಇತ್ತು ಎನ್ನುವ ಹಕೀಮ ನಾನಲ್ಲ.)

ಮೊದಲ ಕೆಲವು ವಾರ ಕಾಲು, ಸೊಂಟ, ಕೈಗಳ ಕಡೆ ಮಾತ್ರ ಗಮನವಿರಲಿ. ಬಾಯಿ ಮುಚ್ಚಿ ಮೂಗಿನಿಂದ ಎಂದಿನಂತೆ ಉಸಿರಾಡಿ. ಚಲನೆ ಬಾಯಿಪಾಠವಾದಂತೆ ಉಸಿರು ತಾನೇ ನಿಧಾನವಾಗುತ್ತದೆ. ಜೋಡಿಸುವ ಮಾತು ಆಮೇಲೆ. ಮಾಡುತ್ತಲೇ ಪಕ್ಕದವರೊಂದಿಗೆ ಒಂದೆರಡು ಮಾತಾಡಿ ನೋಡಿ. ಆಗದಿದ್ದರೆ ಮಂಡಿ ಜಾಸ್ತಿ ಬಾಗಿದೆ ಎಂದರ್ಥ, ತುಸು ಎತ್ತರ ನಿಲ್ಲಿ. ಊಟವಾದ ಕೂಡಲೇ ಬೇಡ. ಮನೆಯ ಕೋಣೆಯೇ ಸಾಕು, ಬಿದ್ದರೆಂಬ ಭಯವಿದ್ದವರು ಗಟ್ಟಿ ಕುರ್ಚಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಉಬ್ಬಸದವರು ಇನ್‌ಹೇಲರನ್ನಾಗಲಿ, ಬಿಪಿಯವರು ಮಾತ್ರೆಯನ್ನಾಗಲಿ ತಾಯ್ ಚಿಯ ನೆಪದಲ್ಲಿ ಬಿಡಬಾರದು. ಎದೆನೋವು ಬಂದರೆ ಅಥವಾ ತಲೆಸುತ್ತು ನಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ವೈದ್ಯರನ್ನು ಕಾಣಿ.