ಕಾರಿನ ಹಿಂದೊಂದು ಕಮಾನು ಬಂಡಿ

ಹೈದರಾಬಾದಿನಲ್ಲಿರುವ ನಮ್ಮಲ್ಲಿ ಬಹಳ ಮಂದಿಗೆ ಊರು ದೂರವೇನಲ್ಲ. ಬೆಳಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಬೀದರ್ ಸೇರಬಹುದು, ಇನ್ನೊಂದಿಷ್ಟು ಹೊತ್ತು ಓಡಿಸಿದರೆ ರಾಯಚೂರು, ಕಲಬುರಗಿ. ದೂರವಾಗಿರುವುದು ಊರಿನ ಮನೆ. ಅಪ್ಪನ ಕಾಲದ ಮನೆ ಪಾಲಾಗಿದೆ, ಇಲ್ಲವೇ ಮಾರಾಟವಾಗಿದೆ, ಇಲ್ಲವೇ ಮಾಳಿಗೆ ಕುಸಿದು ಬಾಗಿಲಿಗೆ ಬೀಗ ಬಿದ್ದಿದೆ. ಜಾತ್ರೆಗೋ ಮದುವೆಗೋ ಹೋದವರು ಸಂಜೆಯಾಗುತ್ತಿದ್ದಂತೆ ಗಡಿಯಾರ ನೋಡಿಕೊಂಡು ವಾಪಸು ಹೊರಡುತ್ತೇವೆ.

ಕೊಂಪಳ್ಳಿ ಕಡೆಯ ನನ್ನ ಪರಿಚಯದ ಹಿರಿಯರೊಬ್ಬರು, ಬೀದರ್ ಜಿಲ್ಲೆಯವರು, ಇದನ್ನು ಒಂದೇ ಮಾತಿನಲ್ಲಿ ಹೇಳಿದರು: “ಊರಿಗಿ ಹೋದ್ರ ಉಣ್ಲಾಕ ಎಲ್ಲಾರೂ ಕರೀತಾರ್ರಿ. ಮಲಗ್ಲಾಕ ಜಾಗಾ ಮಾತ್ರ ನಾವೇ ಕೇಳ್ಬೇಕು.” ಅವರ ಪಾಲಿಗೆ ಉಳಿದಿರುವುದು ಬೇವಿನ ಮರವಿರುವ ಒಂದು ತುಂಡು ಹೊಲ. ಆ ಮರದಡಿ ನಿಲ್ಲಿಸಿಕೊಂಡು ನಾಲ್ಕು ದಿನ ಇರಲು, ಕಾರಿನ ಹಿಂದೆ ಎಳೆದೊಯ್ಯುವ ಫೈಬರ್ ಗ್ಲಾಸಿನ ಪುಟ್ಟ ಮನೆಯೊಂದನ್ನು ತಾವೇ ಕಟ್ಟಬೇಕೆಂದು ಅವರು ಹೊರಟಿದ್ದಾರೆ. ಅವರ ಜತೆ ಕೂತು ಲೆಕ್ಕ ಹಾಕಿದ್ದನ್ನೇ ಈ ಸಲ ಇಲ್ಲಿ ಬರೆಯುತ್ತಿದ್ದೇನೆ. ಇದೇ ಆಸೆಯನ್ನು ಒಳಗೇ ಇಟ್ಟುಕೊಂಡವರು ನಿಮ್ಮಲ್ಲೂ ಇರಬಹುದು.

ಇಂಥ ಗಾಡಿಗೆ ಇಂಗ್ಲಿಷಿನಲ್ಲಿ ಟಿಯರ್‌ಡ್ರಾಪ್ ಟ್ರೈಲರ್ ಎನ್ನುತ್ತಾರೆ. ಪಕ್ಕದಿಂದ ನೋಡಿದರೆ ನೀರಹನಿಯನ್ನು ಅಡ್ಡ ಮಲಗಿಸಿದಂತಿರುತ್ತದೆ. ಮುಂಭಾಗ ಗುಂಡಗೆ, ಹಿಂಭಾಗ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟೇ ಜಾಗ, ಎದ್ದು ನಿಲ್ಲಲಾಗದು. ಹಿಂದಿನ ಮುಚ್ಚಳ ಮೇಲೆತ್ತಿದರೆ ಅಡುಗೆ ಕಟ್ಟೆ. ಅಡುಗೆಯವರು ಹೊರಗೆ ನಿಂತೇ ಅಡುಗೆ ಮಾಡಬೇಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಹುಟ್ಟಿದ ಈ ಗಾಡಿ ಎರಡನೇ ಮಹಾಯುದ್ಧದ ನಂತರ ಮನೆಮಾತಾಯಿತು. 1947ರಲ್ಲಿ ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಇದರ ನಕ್ಷೆ ಪ್ರಕಟಿಸಿತು. ಸಾಮಾನ್ಯ ಜನ ಪ್ಲೈವುಡ್ಡು, ಅಲ್ಯೂಮಿನಿಯಂ ತಗಡು ತಂದು ಹಿತ್ತಲಲ್ಲೇ ಕಟ್ಟಿಕೊಂಡರು. ಪ್ಲೈವುಡ್ ಹಾಳೆಯ ಅಳತೆ 8 ಅಡಿ, 4 ಅಡಿ. ಇಬ್ಬರು ಮಲಗಲು ಬೇಕಾದ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಒಂದು ಹಾಳೆ ಒಂದು ಗೋಡೆಯಾಯಿತು.

ಫೈಬರ್ ಗ್ಲಾಸಿನ ಕಥೆ ಬೇರೆ. ಕೆನಡಾದ ವಿನ್ನಿಪೆಗ್ ನಗರದ ರೇ ಒಲೆಕೊ ಎಂಬಾತ ಮೊದಲು ತಯಾರಿಸಿದ್ದು ಫೈಬರ್ ಗ್ಲಾಸಿನ ಸೆಪ್ಟಿಕ್ ಟ್ಯಾಂಕು. ಟ್ಯಾಂಕು ಹಗುರ, ಸೋರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಅದೇ ಬಗೆಯಲ್ಲಿ ಮಲಗುವ ಗಾಡಿಯನ್ನು ಏಕೆ ಮಾಡಬಾರದು? 1968ರಲ್ಲಿ ಹಾಗೆ ಬಂದದ್ದೇ ‘ಬೋಲರ್’. ಅಚ್ಚಿನಲ್ಲಿ ಎರಕ ಹೊಯ್ದ ಎರಡು ಹೋಳುಗಳನ್ನು ನಡುವೆ ಜೋಡಿಸಿದ ಗಾಡಿ. ಜೋಡಣೆ ಕಡಿಮೆಯಾದಷ್ಟೂ ಮಳೆನೀರು ಒಳಗೆ ಬರುವ ದಾರಿ ಕಡಿಮೆ ಎಂಬುದೇ ಅದರ ಗುಟ್ಟು.

ಈಗ ನಮ್ಮ ಲೆಕ್ಕ. 18 ಮಿ.ಮೀ. ದಪ್ಪದ ಒಂದು ಪ್ಲೈವುಡ್ ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ, ಅಂದರೆ ಚದರ ಮೀಟರಿಗೆ 11–12 ಕೆ.ಜಿ. ಫೈಬರ್ ಅಂಗಡಿಯಲ್ಲಿ ಸಿಗುವ 450 ಗ್ರಾಂ ಮ್ಯಾಟಿನ ಒಂದು ಪದರ ರಾಳ ಕುಡಿದು ಗಟ್ಟಿಯಾದಾಗ ಸುಮಾರು 1 ಮಿ.ಮೀ. ದಪ್ಪ, ಚದರ ಮೀಟರಿಗೆ ಒಂದೂವರೆ ಕೆ.ಜಿ. ಮೂರು ಪದರ ಹಾಕಿದರೂ ನಾಲ್ಕೂವರೆ ಕೆ.ಜಿ.ಯೇ. ಆದರೆ ಬರೀ ಮೂರು ಪದರದ ಗೋಡೆ ಕೈಯಿಟ್ಟರೆ ಬಳುಕುತ್ತದೆ. ಅದಕ್ಕೆ ಉಪಾಯ, ಒಂದು ಅಂಗುಲ ದಪ್ಪದ ಫೋಮ್ ಹಾಳೆ ನಡುವಿಟ್ಟು ಅದರ ಎರಡೂ ಬದಿಗೆ ಒಂದೊಂದು ಪದರ ಹಾಕುವುದು. ಹೂರಣದ ಸುತ್ತ ಕಣಕ ಬಂದಂತೆ. ತೂಕ ಚದರ ಮೀಟರಿಗೆ ನಾಲ್ಕು ಕೆ.ಜಿ. ಆಸುಪಾಸು, ಗಟ್ಟಿತನ ಎಷ್ಟೋ ಪಟ್ಟು. ನಮ್ಮ ಕಡೆಯ ಮೇ ತಿಂಗಳ ಬಿಸಿಲನ್ನೂ ಫೋಮು ತಡೆಯುತ್ತದೆ.

ಇಲ್ಲೊಂದು ಎಚ್ಚರ. ಅಗ್ಗವೆಂದು ಥರ್ಮಾಕೋಲ್ ತಂದು ಅದರ ಮೇಲೆ ಪಾಲಿಯೆಸ್ಟರ್ ರಾಳ ಬಳಿದರೆ ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ರಾಳದಲ್ಲಿರುವ ಸ್ಟೈರೀನ್ ಅದನ್ನು ತಿಂದುಹಾಕುತ್ತದೆ. ಥರ್ಮಾಕೋಲೇ ಆಗಬೇಕೆಂದರೆ ದುಬಾರಿಯಾದ ಎಪಾಕ್ಸಿ ಬಳಸಬೇಕು. ಪಾಲಿಯೆಸ್ಟರ್ ಆಗಬೇಕೆಂದರೆ ಪಿಯು ಫೋಮ್ ತರಬೇಕು.

ರಾಳದ ಕೆಲಸ ಬೆಲ್ಲದ ಪಾಕದ ಕೆಲಸವಿದ್ದಂತೆ. ಹೊತ್ತು ಮೀರಿದರೆ ಕೈಗೆ ಬರುವುದಿಲ್ಲ. ನೂರು ಪಾಲು ರಾಳಕ್ಕೆ ಒಂದರಿಂದ ಎರಡು ಪಾಲು ಹಾರ್ಡನರ್ ಸಾಕು. ಅಷ್ಟಕ್ಕೇ ಅರ್ಧ ಗಂಟೆಯೊಳಗೆ ಗಟ್ಟಿಯಾಗಲು ಶುರುವಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಬಕೆಟಿನಲ್ಲಿ ಒಟ್ಟಿಗೆ ಕಲಸಿಟ್ಟರೆ ತನ್ನದೇ ಕಾವಿಗೆ ಕುದಿದು ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ಸ್ವಲ್ಪಸ್ವಲ್ಪವೇ ಕಲಸಿಕೊಳ್ಳಬೇಕು. ಮಳೆಗಾಲದಲ್ಲಿ ಮ್ಯಾಟು ತೇವ ಹೀರಿದ್ದರೆ ಪದರಗಳು ಕೂಡಿಕೊಳ್ಳುವುದಿಲ್ಲ. ಈ ಊರಿನಲ್ಲಿ ಕೆಲಸಕ್ಕೆ ಒಳ್ಳೆಯ ಕಾಲವೆಂದರೆ ದೀಪಾವಳಿ ಕಳೆದು ಶಿವರಾತ್ರಿಯವರೆಗೆ.

ಕೋಬಾಲ್ಟ್ ಎಂಬ ನೇರಳೆ ದ್ರವವನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸಿಡಿಯುತ್ತದೆ. ಮೊದಲು ಒಂದನ್ನು ರಾಳಕ್ಕೆ ಕಲಸಿ, ಆಮೇಲಷ್ಟೇ ಇನ್ನೊಂದು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು; ಕನ್ನಡಕ ಬೇಕೇಬೇಕು. ಕರ್ಚೀಫು ಕಟ್ಟಿಕೊಂಡರೆ ಆ ವಾಸನೆ ನಿಲ್ಲುವುದಿಲ್ಲ, ರಾಸಾಯನಿಕ ಆವಿಗೆಂದೇ ಬರುವ ಫಿಲ್ಟರ್ ಮಾಸ್ಕ್ ಬೇಕು. ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಶೆಡ್ಡು ಬಾಡಿಗೆಗೆ ಹಿಡಿಯಿರಿ.

ಮನೆಯಲ್ಲೇ ಗಾಡಿ ಕಟ್ಟುವ ಹುಚ್ಚು ಈ ಊರಿಗೆ ಹೊಸದೇನಲ್ಲ. ಝೂ ಪಾರ್ಕಿನ ಹತ್ತಿರ ಬಹದ್ದೂರ್‌ಪುರದಲ್ಲಿ ಕೆ. ಸುಧಾಕರ್ ಅವರ ಸುಧಾ ಕಾರ್ಸ್ ಮ್ಯೂಸಿಯಂ ಇದೆ, 2010ರಿಂದ. ಬದನೆಕಾಯಿ, ಬೂಟು, ಕ್ರಿಕೆಟ್ ಚೆಂಡು, ಕ್ಯಾಮೆರಾ, ಹೀಗೆ ಬೇಕಾದ ಆಕಾರದ ಕಾರುಗಳನ್ನು ಗುಜರಿ ಸಾಮಾನಿನಿಂದಲೇ ಕಟ್ಟಿ ಓಡಿಸಿ ತೋರಿಸಿದವರು ಅವರು. 2005ರಲ್ಲಿ ಅವರು ಮಾಡಿದ 41 ಅಡಿ 7 ಅಂಗುಲ ಎತ್ತರದ ಮೂರು ಗಾಲಿಯ ಸೈಕಲ್ ಗಿನ್ನೆಸ್ ದಾಖಲೆ ಸೇರಿತು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಬನ್ನಿ, ಕೈ ತುರಿಸತೊಡಗುತ್ತದೆ.

ಆದರೆ ಮ್ಯೂಸಿಯಂನ ಗಾಡಿಗೂ ನಮ್ಮದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮದು ಹೆದ್ದಾರಿಗೆ ಇಳಿಯಬೇಕು. ಅದರ ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡ ಯಾರದೋ ಬೈಕು ಬರುತ್ತಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರೂ ಒಂದು ವಾಹನವೇ. ನೋಂದಣಿ ಇಲ್ಲದೆ ರಸ್ತೆಗಿಳಿಸುವಂತಿಲ್ಲ. ಕಾರಿಗೆ ಸಂಬಂಧಿಸಿದ್ದು 52ನೇ ಸೆಕ್ಷನ್: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿ ಹಿಡಿದಿದೆ. ಹಿಂದೆ ಕೊಕ್ಕೆ ಬೆಸುಗೆ ಹಾಕಿಸುವ ಮುಂಚೆ, ನಿಮ್ಮ ಕಾರು ಎಷ್ಟು ಭಾರ ಎಳೆಯಬಹುದೆಂದು ಕಂಪನಿಯನ್ನೇ ಬರಹದಲ್ಲಿ ಕೇಳಿ.

ಹಾಗಾದರೆ ಆಸೆ ಬಿಡಬೇಕೆ? ನನಗೆ ಹಾಗನ್ನಿಸುವುದಿಲ್ಲ. ನಮ್ಮ ಹಿರಿಯರು ಎಲ್ಲಮ್ಮನ ಗುಡ್ಡಕ್ಕೋ ಬನಶಂಕರಿ ಜಾತ್ರೆಗೋ ಹೋಗುವಾಗ ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಎತ್ತಿನ ಬಂಡಿಗೆ ಬಿದಿರಿನ ಕಮಾನು ಬಗ್ಗಿಸಿ ಕಟ್ಟಿ, ಮೇಲೆ ಚಾಪೆಯೋ ಗೋಣಿತಟ್ಟೋ ಹೊದಿಸಿ, ಒಳಗೆ ಹುಲ್ಲು ಹಾಸಿ ಕೌದಿ ಹರಡುತ್ತಿದ್ದರು. ಬಂಡಿಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಬಂಡಿಯೊಳಗೆ ಮಕ್ಕಳ ನಿದ್ದೆ. ಕಮಾನು ಮನೆಯವರ ಕೈಕೆಲಸ. ಗಾಲಿ, ಅಚ್ಚು ಮಾತ್ರ ಬಡಿಗರದು, ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದು ಕಮ್ಮಾರರದು. ಕಮಾನು ಕಿತ್ತರೆ ಬಿಸಿಲು ತಾಗೀತು, ಅಚ್ಚು ಮುರಿದರೆ ಜೀವ ಹೋದೀತು ಎಂಬುದು ಅವರಿಗೆ ಗೊತ್ತಿತ್ತು.

ನಾವೂ ಕೆಲಸವನ್ನು ಹಾಗೆಯೇ ಹಂಚಿಕೊಳ್ಳುವುದು ಒಳ್ಳೆಯದು. ಚಾಸಿ, ಆಕ್ಸಲ್, ಕೊಕ್ಕೆ, ಬ್ರೇಕು, ಹಿಂದಿನ ದೀಪಗಳನ್ನು ನೋಂದಣಿಗೆ ಬೇಕಾದ ಕಾಗದಪತ್ರ ಕೊಡಬಲ್ಲ ಟ್ರೈಲರ್ ತಯಾರಕರಿಗೆ ಬಿಡಿ. ಮೇಲಿನ ಫೈಬರ್ ಗೂಡು ನಮ್ಮ ಕೈಯದಾಗಲಿ. ಕೊಂಪಳ್ಳಿಯ ಹಿರಿಯರಿಗೂ ಇದನ್ನೇ ಹೇಳಿದೆ. “ಅರ್ಧಾ ಕೆಲ್ಸಾ ಮಂದಿಗಿ ಕೊಟ್ಟ್ರ ನಂದೇನ್ ಉಳೀತು?” ಎಂದು ಮೊದಲು ಮುನಿಸಿಕೊಂಡರು. ಮರುದಿನ ಅವರೇ ಫೋನು ಮಾಡಿ, ಆಕ್ಸಲ್ ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ತೆಗೆದರು.

ಆ ಪ್ರಶ್ನೆಗೂ ಉತ್ತರ ಬಂಡಿಯಲ್ಲೇ ಇದೆ. ಬಂಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಟ್ರೈಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಬೀಳಬೇಕು. 400 ಕೆ.ಜಿ. ಗಾಡಿಯಾದರೆ 40ರಿಂದ 60 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಗಾಡಿ ಬಾಲದಂತೆ ಅತ್ತಿತ್ತ ಬೀಸತೊಡಗಿ ಕಾರನ್ನೂ ಎಳೆದು ಕೆಡವುತ್ತದೆ. ಈ ಗಾಡಿಯ ಅಡುಗೆಮನೆ ಹಿಂದಿರುವುದರಿಂದ ಪಾತ್ರೆ, ಸಿಲಿಂಡರ್, ನೀರಿನ ಕ್ಯಾನು ಎಲ್ಲ ಅಲ್ಲೇ ಸೇರಿಕೊಳ್ಳುತ್ತವೆ. ನೀರನ್ನಾದರೂ ಆಕ್ಸಲ್‌ಗಿಂತ ಮುಂದಿಡಿ.

ಮಲಗುವ ವಿಷಯ ಕೊನೆಗೆ. ಸೋರದ ಗೂಡೆಂದರೆ ಗಾಳಿಯೂ ಬಾರದ ಗೂಡು. ಕೆಳಗೊಂದು, ಮೇಲೊಂದು ಮುಚ್ಚಲಾಗದ ಕಿಂಡಿ ಇರಲೇಬೇಕು. ಎರಡು ಬದಿಗೂ ಬಾಗಿಲಿರಲಿ. ಫೈಬರಿಗೆ ಬೆಂಕಿ ಬೇಗ ಹತ್ತುತ್ತದೆ. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ತಂದಿಟ್ಟುಕೊಂಡರೆ, ವಾಸನೆಯೇ ಇಲ್ಲದ ವಿಷಗಾಳಿಯಿಂದ ಬೆಳಗ್ಗೆ ಏಳುವವರೇ ಇರುವುದಿಲ್ಲ. ಗಾಡಿ ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳಂತೂ ಬೇಡವೇ ಬೇಡ.

ಹೊರಡುವವರು ಈ ಕ್ರಮ ತಪ್ಪಿಸಬೇಡಿ: ಮೊದಲು ಆರ್‌ಟಿಒ ಕಚೇರಿ, ಆಮೇಲೆ ಟ್ರೈಲರ್ ತಯಾರಕರು, ಕೊನೆಗೆ ರಾಣಿಗಂಜಿನ ಅಂಗಡಿ ಸಾಲು. ಮ್ಯಾಟು, ರಾಳ ಯಾವಾಗ ಬೇಕಾದರೂ ಸಿಗುತ್ತವೆ. ಜತೆಗೆ ಊರಿಗೊಂದು ಫೋನು ಮಾಡಿ, ಗಾಡಿ ಎಲ್ಲಿ ನಿಲ್ಲಿಸಬಹುದೆಂದು ಅಣ್ಣತಮ್ಮಂದಿರನ್ನು ಕೇಳಿಡಿ. ಹಾಸಿಗೆಯನ್ನು ನಾವು ಇಲ್ಲಿಂದ ಎಳೆದೊಯ್ಯಬಹುದು. ನಿಲ್ಲಿಸುವ ನೆರಳನ್ನು ಮಾತ್ರ ಊರಿನವರೇ ಕೊಡಬೇಕು.